ತಪಾಸಣೆಯ ಚೌಕಟ್ಟು ಸದ್ದು ಮಾಡುವದೇಕೆ?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ದೂರದ ಊರುಗಳಲ್ಲಿ ಸಂಸಾರ ಹೂಡಿರುವರು. ಅವರ ಬಾಣಂತನಕ್ಕೆಂದು ಬಾಡಗಂಡಿ, ಬೀಳಗಿ, ಜಮಖಂಡಿಯ ತಾಯಂದಿರು ಬೆಳಗಾವಿಯ ಸಾಂಬ್ರಾ ಇಲ್ಲವೆ ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವದುಂಟು. ಅಂಥ ಒಬ್ಬ ವೃದ್ಧ ತಾಯಿಯವರು ಈಚೆಗೆ ನನ್ನ ಮುಂದೆ ಕಣ್ಣೀರು ತಂದರು. ಅವರು ಚೌಕಟ್ಟನ್ನು ದಾಟುವಾಗ ಸದ್ದಾಯಿತಂತೆ. ಸಾಲಿನಲ್ಲಿದ್ದವರೆಲ್ಲರು ತಿರುಗಿ ನೋಡಿದರಂತೆ. “ನನ್ನ ಕಳ್ಳಿ ಅಂತ ತಿಳಿದರೇನ್ರಿ, ಅಕ್ಕೋರ?” ಎಂದು ಕೇಳಿದರು. ಅವರ ಮೊಣಕಾಲಿನಲ್ಲಿ ಶಸ್ತ್ರಚಿಕಿತ್ಸೆಯಿಂದ ಕೂಡಿಸಿದ ಲೋಹದ ಕೀಲು ಇರುವದೇ ಅದಕ್ಕೆ ಕಾರಣವು. ಇದನ್ನು ಎಲ್ಲರೂ ತಿಳಿದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಆ ಚೌಕಟ್ಟಿನೊಳಗೆ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ಏರಿಳಿಯುವ ವಿದ್ಯುತ್ತು ಅಯಸ್ಕಾಂತ ಕ್ಷೇತ್ರವನ್ನು ಉಂಟುಮಾಡುವದು. ಅದರೊಳಗೆ ಲೋಹವು ಬಂದರೆ ಆ ಲೋಹದಲ್ಲಿಯೂ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ ತಮ್ಮದೇ ಕ್ಷೇತ್ರವನ್ನು ಹರಡುವವು. ಈ ಬದಲಾವಣೆಯನ್ನು ಯಂತ್ರವು ಅರಿತು ಸದ್ದು ಮಾಡುವದು. ಆದಕಾರಣ ಅಯಸ್ಕಾಂತಕ್ಕೆ ಅಂಟದ ಬಂಗಾರ, ಬೆಳ್ಳಿ, ತಾಮ್ರಗಳಿಗೂ ಅದು ಓಗೊಡುವದು. ಬೆಳ್ಳಿಯ ಡಾಬು, ಪಾಟಲಿ, ಸೊಂಟಕ್ಕೆ ಸಿಕ್ಕಿಸಿದ ಕೀಲಿಕೈ ಗೊಂಚಲು, ಸೀರೆಯ ಪಿನ್ನುಗಳು ಇವೆಲ್ಲವೂ ಸದ್ದಿಗೆ ಕಾರಣವಾಗಬಲ್ಲವು. ಆಯುಧ ಯಾವದು, ಆಭರಣ ಯಾವದು ಎಂಬ ವಿವೇಕವು ಯಂತ್ರಕ್ಕಿಲ್ಲ. ಕೆಲವು ಯಂತ್ರಗಳನ್ನು ಏನೂ ಇಲ್ಲದಿದ್ದರೂ ನಡುನಡುವೆ ಸದ್ದು ಮಾಡುವಂತೆ ಅಣಿಗೊಳಿಸಿರುವದೂ ಉಂಟು.

ಈ ತೊಡಕು ಹೊಸದಲ್ಲ. ದೂರವಾಣಿಯನ್ನು ರಚಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು 1881ರಲ್ಲಿ ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದೊಳಗಿನ ಗುಂಡನ್ನು ಇಂಥದೇ ಯಂತ್ರದಿಂದ ಹುಡುಕಿದರು. ಗುಂಡು ಸಿಕ್ಕಲಿಲ್ಲ, ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳು ಯಂತ್ರದ ಧ್ವನಿಯನ್ನು ಕೆಡಿಸಿದ್ದವು.

ಚೀಲಗಳನ್ನು ಕ್ಷಕಿರಣದಿಂದ ನೋಡುವರು. ಪರದೆಯ ಮೇಲೆ ಲೋಹವು ನೀಲಿಯಾಗಿಯೂ, ತಿನಿಸು, ಸಾಬೂನು ಮುಂತಾದವು ಕಿತ್ತಳೆ ಬಣ್ಣವಾಗಿಯೂ ತೋರುವವು. ಅನೇಕ ಸ್ಫೋಟಕ ಪದಾರ್ಥಗಳದೂ ಅದೇ ಕಿತ್ತಳೆ ಬಣ್ಣ. ಆದ್ದರಿಂದ ಮಗಳಿಗೆಂದು ಒಯ್ಯುವ ಮುಧೋಳದ ಬೆಲ್ಲದ ಪೆಂಟೆಯು ದಟ್ಟವಾಗಿ ಕಂಡರೆ ಚೀಲವನ್ನು ಬಿಚ್ಚಿಸುವರು. ಇನ್ನು ಕೆಲವೆಡೆ ಕೈಯನ್ನಾಗಲಿ ಚೀಲವನ್ನಾಗಲಿ ಬಟ್ಟೆಯ ಚೂರಿನಿಂದ ಒರೆಸಿ ಪರೀಕ್ಷಿಸುವದುಂಟು. ಹೊಲದಲ್ಲಿ ಗೊಬ್ಬರ ಚೆಲ್ಲಿದವರ ಕೈಯಲ್ಲಿ ಉಳಿದ ನೈಟ್ರೇಟಿನ ಕಣಗಳೂ, ಗ್ಲಿಸರಿನ್ ಕೂಡಿದ ಲೇಪವೂ ಅಲ್ಲಿ ಎಚ್ಚರಿಕೆಯನ್ನು ಎಬ್ಬಿಸಬಲ್ಲವು. ಹೊರಡುವ ಮುಂಚೆ ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯುವದು ಒಳ್ಳೇದು.

ತಾಯಂದಿರು ಇಷ್ಟನ್ನು ನೆನಪಿಡಲಿ. ಕೀಲಿಕೈ, ನಾಣ್ಯ, ಫೋನುಗಳನ್ನು ಮೊದಲೇ ತಟ್ಟೆಯಲ್ಲಿಡಿರಿ. ದೇಹದಲ್ಲಿ ಲೋಹದ ಕೀಲು ಇದ್ದರೆ ಕೇಳುವದಕ್ಕೆ ಮುಂಚೆಯೇ ಹೇಳಿರಿ. ವೈದ್ಯರ ಚೀಟಿಯು ತಪಾಸಣೆಯನ್ನು ತಪ್ಪಿಸದಿದ್ದರೂ ಮಾತನ್ನು ಸುಲಭಮಾಡುವದು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಅದರ ಕಾರ್ಡನ್ನು ತೋರಿಸಿ, ಕೈಯಂತ್ರವನ್ನು ಅದರ ಮೇಲೆ ಹಿಡಿಯಬಾರದೆಂದು ಕೇಳಿಕೊಳ್ಳಲಿ. ಸ್ತ್ರೀಯರನ್ನು ಸ್ತ್ರೀ ಸಿಬ್ಬಂದಿಯವರೇ ಪರದೆಯ ಮರೆಯಲ್ಲಿ ಪರೀಕ್ಷಿಸುವರು. ಸದ್ದಾಗದವರಿಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ತರಗತಿಯಲ್ಲಿ ಹುಡುಗಿಯ ಹೆಸರನ್ನು ಕರೆದು ಪ್ರಶ್ನೆ ಕೇಳಿದರೆ ಅವಳು ತಪ್ಪು ಮಾಡಿದಳೆಂದು ಅರ್ಥವಲ್ಲ. ಈ ಸದ್ದೂ ಒಂದು ಪ್ರಶ್ನೆಯೇ, ಆರೋಪವಲ್ಲ. ಆ ತಾಯಿಯವರು ಇದನ್ನು ಕೇಳಿ, “ಹಂಗಾದರ ಮುಂದಿನ ಸಲ ನಾನ ಮೊದಲ ಹೇಳತೇನ್ರಿ” ಎಂದರು. ತಲೆ ತಗ್ಗಿಸದೆ ಉತ್ತರ ಕೊಡುವದಕ್ಕೆ ಇಷ್ಟು ತಿಳುವಳಿಕೆ ಸಾಕು.