ಬಿಸಿಲಿಗೆ ನಿಲ್ಲುವ ಕಾರು: ದೋಷ ಪತ್ತೆ ಹೇಗೆ?

ಬೆಳಿಗ್ಗೆ ಸರಿಯಾಗಿಯೇ ಹೊರಟ ಕಾರು ಮಧ್ಯಾಹ್ನ ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಮುನ್ಸೂಚನೆಯಿಲ್ಲದೆ ಸ್ತಬ್ಧವಾಗುತ್ತದೆ. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಸದ್ದು ಮಾಡುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಮರದ ನೆರಳಿನಲ್ಲಿ ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತದೆ. ಗ್ಯಾರೇಜು ತಲುಪುವ ವೇಳೆಗೆ ವಾಹನ ತಣ್ಣಗಾಗಿರುವುದರಿಂದ ಮೆಕ್ಯಾನಿಕ್ ಕಣ್ಣಿಗೆ ದೋಷವೇ ಕಾಣುವುದಿಲ್ಲ. ಊಹೆಯ ಮೇಲೆ ಒಂದೊಂದೇ ಬಿಡಿಭಾಗ ಬದಲಾಗುತ್ತದೆ, ಬಿಲ್ಲು ಬೆಳೆಯುತ್ತದೆ, ಮುಂದಿನ ವಾರ ಅದೇ ರಸ್ತೆಯಲ್ಲಿ ಕಾರು ಮತ್ತೆ ನಿಲ್ಲುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರು ಭಾಗದ ವಾಹನ ಮಾಲೀಕರಿಗೆ ಇದು ಹೊಸದಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಬೆಂಗಳೂರಿಗೂ ಈಗ ಅಪರಿಚಿತವೇನಲ್ಲ.

ಹಿಂದಿನ ತಲೆಮಾರಿನ ಚಾಲಕರು ಇದಕ್ಕೆ ಒಂದೇ ಹೆಸರು ಇಟ್ಟಿದ್ದರು: 'ವೇಪರ್ ಲಾಕ್'. ಕಾರ್ಬುರೇಟರ್ ಹೊಂದಿದ್ದ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಆ ರೋಗನಿರ್ಣಯ ಬಹುಪಾಲು ಸರಿಯೂ ಆಗಿರುತ್ತಿತ್ತು. ಪೆಟ್ರೋಲಿನಲ್ಲಿರುವ ಹಗುರವಾದ ಅಂಶಗಳು 35-40 ಡಿಗ್ರಿಗೇ ಕುದಿಯಲಾರಂಭಿಸುತ್ತವೆ. ಆ ಕಾರುಗಳಲ್ಲಿ ಇಂಧನ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ಹಿಂಬದಿಯ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರಬೇಕಿತ್ತು. ಹೀರುವಾಗ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದಲ್ಲಿ ದ್ರವ ಬೇಗ ಆವಿಯಾಗುತ್ತದೆ. ದ್ರವವನ್ನು ತಳ್ಳಬೇಕಾದ ಪಂಪು ಬರೀ ಆವಿಯನ್ನು ಹಿಂಡುತ್ತಾ ಕೂರುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಘಾಟಿ ಹತ್ತುತ್ತಿದ್ದ ಟ್ಯಾಕ್ಸಿ ಚಾಲಕರದು ಮೂಢನಂಬಿಕೆಯಲ್ಲ, ಅಪ್ಪಟ ಭೌತಶಾಸ್ತ್ರ.

ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ಸುಮಾರು 3 ಬಾರ್ ಒತ್ತಡದಲ್ಲಿ ಇಂಧನವನ್ನು ತಳ್ಳುತ್ತದೆ. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗದು. ಆದರೂ 'ವೇಪರ್ ಲಾಕ್' ಎಂಬ ಮಾತು ಗ್ಯಾರೇಜುಗಳಲ್ಲಿ ಇನ್ನೂ ಉಳಿದಿದೆ. ಹೊಸ ಕಾರಿನ ಮಟ್ಟಿಗೆ ಸಂಶಯ ಮೊದಲು ಹೋಗಬೇಕಾದದ್ದು ಬೇರೆ ಕಡೆಗೆ.

ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಎಂಬ ಬೆರಳುದ್ದದ ಭಾಗ ಎಂಜಿನ್ ಎಷ್ಟು ವೇಗದಲ್ಲಿ, ಯಾವ ಸ್ಥಾನದಲ್ಲಿ ತಿರುಗುತ್ತಿದೆ ಎಂಬುದನ್ನು ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಹಳತಾದ ಸೆನ್ಸರಿನೊಳಗಿನ ಕೂದಲೆಳೆಯಂಥ ತಂತಿಯಲ್ಲಿ ಬಿರುಕಿದ್ದರೆ, ಶಾಖಕ್ಕೆ ಹಿಗ್ಗಿದಾಗ ಸಂಪರ್ಕ ಕಡಿಯುತ್ತದೆ. ಸಂಕೇತ ನಿಂತೊಡನೆ ಕಂಪ್ಯೂಟರ್ ಕಿಡಿಯನ್ನೂ ಇಂಧನವನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ತಣ್ಣಗಾದ ಮೇಲೆ ತಂತಿ ಮತ್ತೆ ಕೂಡಿಕೊಳ್ಳುತ್ತದೆ. ಇಗ್ನಿಷನ್ ಕಾಯಿಲ್‌ನ ನಡವಳಿಕೆಯೂ ಇದೇ ಬಗೆಯದು. ಆದರೆ ಸಿಲಿಂಡರಿಗೊಂದು ಕಾಯಿಲ್ ಇರುವ ಕಾರಿನಲ್ಲಿ ಒಂದು ಕೆಟ್ಟರೆ ಎಂಜಿನ್ ಪೂರ್ತಿ ನಿಲ್ಲುವ ಬದಲು ಜರ್ಕ್ ಹೊಡೆಯುತ್ತದೆ.

ಪತ್ತೆಯ ನಿಜವಾದ ಸಮಯವೆಂದರೆ ಕಾರು ನಿಂತ ಮೊದಲ ಐದು ನಿಮಿಷ. ಚಾಲಕ ಆಗ ಗಮನಿಸಿದ ಸಂಗತಿ ಮರುದಿನದ ಯಾವ ಪರೀಕ್ಷೆಗಿಂತಲೂ ಹೆಚ್ಚು ಬೆಲೆಯುಳ್ಳದ್ದು. ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಹಿಂಬದಿ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡು ಸಣ್ಣ ಗುಂಯ್ ಸದ್ದು ಕೇಳಿದರೆ ಇಂಧನ ಪಂಪು ಜೀವಂತವಾಗಿದೆ. ಬೇರೆ ವೇಳೆಯಲ್ಲಿ ಕೇಳುತ್ತಿದ್ದ ಆ ಸದ್ದು ಆಗ ಇಲ್ಲದಿದ್ದರೆ ಪಂಪು ಅಥವಾ ಅದರ ರಿಲೇ ಶಂಕಿತ. ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ ಆದ್ದರಿಂದ, ಕಡು ಬೇಸಿಗೆಯಲ್ಲಿ ಸದಾ ರಿಸರ್ವ್‌ನಲ್ಲಿ ಓಡಿಸುವ ಅಭ್ಯಾಸ ಅದರ ಆಯುಸ್ಸನ್ನು ತಿನ್ನುತ್ತದೆ. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಕದಲದಿದ್ದರೆ ಹಲವು ಕಾರುಗಳಲ್ಲಿ ಅದು ಕ್ರ್ಯಾಂಕ್ ಸೆನ್ಸರಿನ ಕಡೆಗೆ ಬೊಟ್ಟು ಮಾಡುತ್ತದೆ. ಸ್ಕ್ಯಾನರ್ ಹಾಕಿದಾಗ ಪಿ0335 ಎಂಬ ಕೋಡ್ ಸಿಕ್ಕರೆ ಅನುಮಾನ ಬಲಗೊಳ್ಳುತ್ತದೆ. ಟ್ಯಾಂಕಿನ ಮುಚ್ಚಳ ತೆರೆದೊಡನೆ ಪ್ರತಿ ಸಲವೂ ಕಾರು ಹತ್ತುತ್ತಿದ್ದರೆ ಗಾಳಿದಾರಿ ಕಟ್ಟಿಕೊಂಡಿರಬಹುದು. ಅದು ಪುಕ್ಕಟೆ ಪರೀಕ್ಷೆ.

ಕೋಡ್ ಸಿಗದಿದ್ದರೂ ದಾರಿಯಿದೆ. ಜಾಣ ಮೆಕ್ಯಾನಿಕ್ ಗ್ಯಾರೇಜಿನಲ್ಲೇ ಬೇಸಿಗೆಯನ್ನು ಸೃಷ್ಟಿಸುತ್ತಾನೆ: ಎಂಜಿನ್ ಓಡುತ್ತಿರುವಾಗ ಶಂಕಿತ ಸೆನ್ಸರಿಗೆ ತಲೆಗೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಹಾಯಿಸುತ್ತಾನೆ. ಎಂಜಿನ್ ನಿಂತರೆ ಕಳ್ಳ ಸಿಕ್ಕಿಬಿದ್ದಂತೆ. ಹೀಗೆ ಸಾಬೀತಾಗುವ ಮುನ್ನ ಪಂಪು ಬದಲಿಸಲು ಒಪ್ಪಿಕೊಳ್ಳುವ ಮಾಲೀಕ ಜೂಜಾಡುತ್ತಿದ್ದಾನೆಂದೇ ಅರ್ಥ.

ಉಷ್ಣತೆಯ ಮುಳ್ಳು ಕೆಂಪು ಗೆರೆಯತ್ತ ಏರಿದ್ದರೆ ಕತೆಯೇ ಬೇರೆ. ಸಿಗ್ನಲ್ಲಿನಲ್ಲಿ ಏರಿ ಹೆದ್ದಾರಿಯಲ್ಲಿ ಇಳಿದರೆ ರೇಡಿಯೇಟರ್ ಫ್ಯಾನು ತಿರುಗುತ್ತಿಲ್ಲ ಎಂದು ತಿಳಿಯಬಹುದು. ವೇಗದಲ್ಲಿ ಓಡುವಾಗಲೂ ಏರಿದರೆ ಕೂಲೆಂಟ್ ಕೊರತೆ, ಕಟ್ಟಿಕೊಂಡ ರೇಡಿಯೇಟರ್ ಅಥವಾ ಅಂಟಿಕೊಂಡ ಥರ್ಮೋಸ್ಟಾಟ್ ಕಾರಣವಿರಬಹುದು. ಮುಳ್ಳು ಸರಿಯಿದ್ದು, ಎ.ಸಿ. ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಎಂಜಿನ್ ಆರುತ್ತಿದ್ದರೆ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರುವ ಸಂಭವವೇ ಹೆಚ್ಚು. ಬಹುಪಾಲು ಸಂದರ್ಭಗಳಲ್ಲಿ ಶುಚಿಗೊಳಿಸಿದರೆ ಸಾಕು.

ಅಪಾಯವಿರುವುದು ನಿಲ್ಲುವ ಆ ಕ್ಷಣದಲ್ಲಿ. ಶಿರಾಡಿ, ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಎಂಜಿನ್ ಆರಿದರೆ ಪವರ್ ಸ್ಟಿಯರಿಂಗ್ ಬಿಗಿಯಾಗಬಹುದು. ಬ್ರೇಕಿಗೆ ನೆರವಾಗುವ ನಿರ್ವಾತ ಒಂದೆರಡು ಒತ್ತಿಗೆ ಮಾತ್ರ ಸಾಲುತ್ತದೆ. ಪೆಡಲನ್ನು ಪದೇ ಪದೇ ತುಳಿದು ಆ ನೆರವನ್ನು ಕಳೆದುಕೊಳ್ಳದೆ, ಒಂದೇ ಬಾರಿ ಗಟ್ಟಿಯಾಗಿ ಒತ್ತಿಹಿಡಿದು ಬದಿಗೆ ಸರಿಸಬೇಕು. ಓಡುತ್ತಿರುವಾಗ ಕೀಲಿಯನ್ನು ಹೊರತೆಗೆಯುವಂತಿಲ್ಲ. ಸ್ಟಿಯರಿಂಗ್ ಲಾಕ್ ಆದೀತು.

ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೂ ಕೈ ಹಾಕಬಾರದು. ಮುಚ್ಚಿದ ವ್ಯವಸ್ಥೆಯಲ್ಲಿ ಸುಮಾರು 1 ಬಾರ್ ಹೆಚ್ಚುವರಿ ಒತ್ತಡವಿದ್ದರೆ ಒಳಗಿನ ನೀರು 120 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಿಸಿದೊಡನೆ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ದಪ್ಪ ರಬ್ಬರ್ ಕೊಳವೆಯ ಬಿಸಿ ಬರಿಗೈಗೆ ತಾಳುವಂತಾಗಿ, ಹಿಸುಕಿದಾಗ ಮೆತ್ತಗೆ ಒಳಸರಿಯುವವರೆಗೆ ಕಾಯಬೇಕು. ಬೇಸಿಗೆಯ ಮಧ್ಯಾಹ್ನದಲ್ಲಿ ಇದಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು. ಆನಂತರವೂ ತಣ್ಣೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಇಲ್ಲವಾದರೆ ಕಾದ ಸಿಲಿಂಡರ್ ಹೆಡ್ ಬಿರುಕು ಬಿಟ್ಟು, ಸೆನ್ಸರ್ ಬದಲಾಯಿಸುವ ಖರ್ಚಿನ ಹತ್ತಾರು ಪಟ್ಟು ತೆರಬೇಕಾಗುತ್ತದೆ.