ನೊರೆಯ ನಷ್ಟ ಯಾರ ಲೆಕ್ಕಕ್ಕೆ?

ಠಾಣೆಯ ಘೋಡ್‌ಬಂದರ್ ರಸ್ತೆಯಿಂದ ಡೊಂಬಿವಲಿ, ಕಲ್ಯಾಣಗಳವರೆಗೆ, ಅತ್ತ ವಾಶಿ, ನೆರೂಳ್, ಖಾರ್ಘರ್‌ಗಳಲ್ಲಿಯೂ ನಮ್ಮವರ ಪರ್ಮಿಟ್ ರೂಮುಗಳು ಈಗ ಅಂಗಳಕ್ಕೆ ಕಾಲಿಡುತ್ತಿವೆ. ಸಂಜೆಯ ಗಾಳಿಗೆ ಕುಳಿತುಕೊಳ್ಳಬಯಸುವ ಗಿರಾಕಿಗಾಗಿ ಹೊರಗೆ ಮೇಜು ಹಾಕಿ, ಒಳಗಿನ ಡ್ರಾಫ್ಟ್ ಬಿಯರಿನ ಕೊಳವೆಯನ್ನೂ ಅಲ್ಲಿಯವರೆಗೆ ಎಳೆಯುತ್ತಾರೆ. ಮೊದಲ ದಿನವೇ ಗ್ಲಾಸಿನಲ್ಲಿ ಅರ್ಧ ಬಿಯರು, ಅರ್ಧ ನೊರೆ. ನಲ್ಲಿ ಹಿಡಿದ ಹುಡುಗನಿಗೆ ಬೈಗುಳ. ತಿಂಗಳ ಕೊನೆಗೆ ಪೀಪಾಯಿಯ ಲೆಕ್ಕ ಕೂಡದಿದ್ದರೆ ಅವನ ಪಗಾರಕ್ಕೆ ಕತ್ತರಿ.

ಗಲ್ಲೆಯ ಮೇಲೆ ಕುಳಿತು ದಿನ ಕಳೆದವರು ನಾವು. ಯಜಮಾನರ ಸಂಕಟ ನಮಗೆ ಅಪರಿಚಿತವಲ್ಲ. ಆದರೂ ಈ ನೊರೆಯ ಬಹುಪಾಲು ಹುಡುಗನ ಕೈಯಿಂದ ಹುಟ್ಟಿದುದಲ್ಲ, ಕೊಳವೆಯಿಂದ ಹುಟ್ಟಿದುದು ಎಂದು ಹೇಳದೆ ನಿರ್ವಾಹವಿಲ್ಲ.

ಬಿಸಿಲಿಗಿಟ್ಟ ಗೋಲಿಸೋಡಾ ತೆರೆದರೆ ಏನಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಬಿಯರಿನೊಳಗೆ ಕರಗಿರುವುದೂ ಅದೇ ಇಂಗಾಲಾಮ್ಲ ವಾಯು. ತಂಪಿನಲ್ಲಿ ಅದು ಅಡಗಿರುತ್ತದೆ, ಬಿಸಿಯಾದೊಡನೆ ಹೊರಗೆ ನುಗ್ಗುತ್ತದೆ. ಪೀಪಾಯಿ 3 ಡಿಗ್ರಿಯ ಕೋಣೆಯಲ್ಲಿದ್ದು, ಕೊಳವೆ ಮಾತ್ರ 35 ಡಿಗ್ರಿಯ ಅಂಗಳದಲ್ಲಿ ಮಲಗಿದ್ದರೆ ನೊರೆ ಬಾರದೆ ಇನ್ನೇನು ಬಂದೀತು?

ಎರಡನೆಯದು ಒತ್ತಡದ ಮಾತು. ಒಳಗಿನ ನಲ್ಲಿಗೆ ಅಂಗುಲದ ಹದಿನಾರರಲ್ಲಿ ಮೂರು ಪಾಲು ಒಳಗಲದ ಸಣ್ಣ ಕೊಳವೆ ಸಾಕು. ಅದು ಎರಡು ಮೂರು ಮೀಟರಿಗೆ ಹೊಂದುವಂಥದು. ಅದನ್ನೇ 12 ಮೀಟರು ಎಳೆದರೆ ಬಿಯರು ತೆವಳುತ್ತದೆ. ಆಗ ಸಿಲಿಂಡರಿನ ಒತ್ತಡವನ್ನು ಏರಿಸುತ್ತಾರೆ. ಏರಿಸಿದಷ್ಟೂ ವಾಯು ಹೆಚ್ಚಾಗಿ ಬಿಯರಿನಲ್ಲಿ ಕರಗಿ, ನಲ್ಲಿಯ ಬಾಯಲ್ಲಿ ಸಿಡಿದೇಳುತ್ತದೆ. ಮಾಳಿಗೆಯ ಮೇಲಿನ ಬಯಲಿಗೆ ಒಯ್ದರಂತೂ ಪ್ರತಿ ಮೀಟರು ಏರಿಕೆಗೆ ಚದರ ಅಂಗುಲಕ್ಕೆ ಸುಮಾರು ಒಂದೂವರೆ ಪೌಂಡು ಒತ್ತಡ ಬೇರೆ ಬೇಕು.

ಆದುದರಿಂದ ದೂರದ ಎಳೆತಕ್ಕೆ ಅಂಗುಲದ ಎಂಟರಲ್ಲಿ ಮೂರು ಪಾಲಿನ ಅಗಲ ಕೊಳವೆಯನ್ನು ಹಾಕುವುದು ರೂಢಿ. ಅದರಲ್ಲೊಂದು ತೊಡಕುಂಟು. ಆ ಕೊಳವೆಯ ಒಂದು ಮೀಟರಿನಲ್ಲಿ ಸುಮಾರು 70 ಮಿಲಿಲೀಟರು ಬಿಯರು ನಿಲ್ಲುತ್ತದೆ. 12 ಮೀಟರಿಗೆ ಸುಮಾರು 850. ಗಿರಾಕಿಯಿಲ್ಲದ ಒಂದು ಗಂಟೆಯಲ್ಲಿ ಇದಿಷ್ಟೂ ಬಿಸಿಯೇರಿದರೆ ಎರಡು ಗ್ಲಾಸಿಗೂ ಮಿಕ್ಕಿದ ಬಿಯರು ನೊರೆಯ ಪಾಲು. ಇದಕ್ಕೆ ಮದ್ದೆಂದರೆ ಬಿಯರಿನ ಕೊಳವೆಯ ಮಗ್ಗುಲಲ್ಲಿಯೇ ತಣ್ಣೀರಿನ ಅಥವಾ ಗ್ಲೈಕಾಲ್ ಬೆರೆಸಿದ ನೀರಿನ ಕೊಳವೆಗಳನ್ನು ಹೋಗಿ ಬರುವಂತೆ ಕಟ್ಟಿ, ಎಲ್ಲಕ್ಕೂ ದಪ್ಪನೆಯ ಹೊದಿಕೆ ಸುತ್ತುವುದು. ಆ ತಂಪು ನಲ್ಲಿಯ ಕಂಬದವರೆಗೂ ತಲುಪಬೇಕು. ಲೋಹದ ಕಂಬ ಬಿಸಿಲಿಗೆ ಕಾದಿದ್ದರೆ ಹಿಂದಿನ ಖರ್ಚೆಲ್ಲ ವ್ಯರ್ಥ.

ಇಷ್ಟು ವೆಚ್ಚ ಎಲ್ಲರಿಗೂ ಒಗ್ಗುವುದಿಲ್ಲ. ಶನಿವಾರ, ರವಿವಾರದ ಸಂಜೆ ಮಾತ್ರ ಅಂಗಳ ತುಂಬುವ ಕಡೆ ಕೊಳವೆಯ ಗೊಡವೆಯೇ ಬೇಡವೆಂಬುದು ನಮ್ಮ ಅಭಿಪ್ರಾಯ. ಉಕ್ಕಿನ ಸುರುಳಿಯಿಟ್ಟ ಬರ್ಫದ ಪೆಟ್ಟಿಗೆಯೊಂದನ್ನು ಹೊರಗಿಟ್ಟು, ಪಕ್ಕದಲ್ಲೇ ಪೀಪಾಯಿ ನಿಲ್ಲಿಸಿದರೆ ಕೆಲಸ ಸಾಗುತ್ತದೆ. ಯಾವ ಉಪಾಯವಾದರೂ ಆಗಲಿ, ಪರವಾನಗಿಯ ನಕ್ಷೆಯಲ್ಲಿ ಅಂಗಳ ಸೇರಿರಬೇಕು. ಪಾನನಿರೋಧ ಕಾಯಿದೆ 1949ರಷ್ಟು ಹಳೆಯದಾದರೂ ಅದರ ಹಲ್ಲು ಉದುರಿಲ್ಲ.

ಕೊಳವೆ ಉದ್ದವಾದಷ್ಟೂ ತೊಳೆಯುವ ಕೆಲಸವೂ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಕಾಸ್ಟಿಕ್ ದ್ರಾವಣ ಹಾಯಿಸಿ, ಅದರ ಅಂಶ ಉಳಿಯದಂತೆ ನೀರಿನಿಂದ ತೊಳೆಯದಿದ್ದರೆ ಬಿಯರು ಹುಳಿಯುತ್ತದೆ. ಈ ಕೆಲಸ ಬೀಳುವುದು ಅತ್ಯಂತ ಕಿರಿಯ ಹುಡುಗನ ಮೇಲೆ. ಅವನಿಗೆ ರಬ್ಬರಿನ ಕೈಚೀಲವನ್ನೂ ಕಣ್ಣಿಗೆ ಕನ್ನಡಕವನ್ನೂ ಕೊಟ್ಟಿರುವ ಯಜಮಾನರೆಷ್ಟು ಮಂದಿ? ಸಿಲಿಂಡರು ಸೋರಿದರೆ ವಾಯು ಮುಚ್ಚಿದ ಕೋಣೆಯ ನೆಲಮಟ್ಟದಲ್ಲಿ ತುಂಬಿ, ಬಗ್ಗಿದವನ ಉಸಿರು ಕಟ್ಟಿಸುತ್ತದೆ. ಇದನ್ನು ಅವನಿಗೆ ಮೊದಲೇ ತಿಳಿಸಿರಬೇಕು.

ಇನ್ನು ಪಗಾರದ ಮಾತು. ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸರಕು ಅವನ ಅಲಕ್ಷ್ಯದಿಂದಲೇ ನಷ್ಟವಾದರೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ಕಡಿತ ಮಾಡಬಹುದೆಂದು 1936ರ ವೇತನ ಪಾವತಿ ಕಾಯಿದೆ ವಿಧಿಸಿತ್ತು. ಅದರ ಸ್ಥಾನಕ್ಕೆಂದು ರಚಿತವಾದ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ.

ಅಲಕ್ಷ್ಯವೋ ಕೊಳವೆಯ ದೋಷವೋ ಎಂದು ತಿಳಿಯುವುದು ಕಷ್ಟವಲ್ಲ. ಅದೇ ಹುಡುಗನಿಂದ ಅದೇ ಪೀಪಾಯಿಯ ಬಿಯರನ್ನು ಒಳಗಿನ ನಲ್ಲಿಯಲ್ಲೊಮ್ಮೆ, ಹೊರಗಿನ ನಲ್ಲಿಯಲ್ಲೊಮ್ಮೆ ಹಿಡಿಸಿ, ಎರಡು ಗ್ಲಾಸಿಗೂ ಉಷ್ಣಮಾಪಕ ಅದ್ದಿ ನೋಡಲಿ. ಚೆಲ್ಲಿದ ನೊರೆಯನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು ಪ್ರತಿ ರಾತ್ರಿ ಪುಸ್ತಕದಲ್ಲಿ ಬರೆಯಲಿ. ಮ್ಯಾನೇಜರರೂ ಹುಡುಗನೂ ಅದಕ್ಕೆ ಸಹಿ ಹಾಕಲಿ.