ಇಳಿವಯಸ್ಸು, ಮೈಭಾರ ಮತ್ತು ಮನೋಬಲ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳಿಗೆ ಎಳವೆಯಲ್ಲಿಯೇ ಒಳ್ಳೆಯ ನಡತೆಯನ್ನು ಕಲಿಸಬೇಕೆಂಬ ಅರ್ಥದಲ್ಲಿ ಹಿರಿಯರು ಇದನ್ನು ಹೇಳುತ್ತ ಬಂದರು. ಆದರೆ ಈಗ ಹಿರಿಯರೇ ಈ ಗಾದೆಯನ್ನು ತಮ್ಮ ಮೇಲೆ ಹೇರಿಕೊಳ್ಳುತ್ತಿರುವುದನ್ನು ಕಾಣುತ್ತೇವೆ. ಅರವತ್ತನ್ನು ಸಮೀಪಿಸಿದವರಿಗೆ ವೈದ್ಯರು "ಸ್ವಲ್ಪ ತೂಕ ಇಳಿಸಿಕೊಳ್ಳಿ" ಎಂದರೆ, "ಇಷ್ಟು ವರ್ಷ ಆಗದ್ದು ಇನ್ನು ಈಗ ಆದೀತೇ?" ಎಂದು ನಕ್ಕು ಸುಮ್ಮನಾಗುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ಮಾತುಂಟು. ಮನುಷ್ಯನ ಮೈಯ ಮಟ್ಟಿಗಾದರೂ ಈ ಒಂದು ಗಾದೆ ಸುಳ್ಳೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಇಪ್ಪತ್ತರ ಹರೆಯದ ನಮಗೆ ಈ ವಿಚಾರವೇಕೆ ಎಂದು ಗೆಳೆಯರು ಕೇಳಬಹುದು. ನನ್ನಂತೆ ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ಮನೆಗಳಲ್ಲಿ ವೈದ್ಯರ ಚೀಟಿಯನ್ನು ಓದಿ ಹೇಳುವವರು ನಾವೇ. ಮಾತ್ರೆಯ ಹೊತ್ತನ್ನು ನೆನಪಿಸುವವರೂ ನಾವೇ. ಓದಿ ಹೇಳುವವರಿಗೆ ಓದಿದ್ದರ ಅರ್ಥವೂ ತಿಳಿದಿರಬೇಕಷ್ಟೆ.

ಮೊದಲು, ತೂಕ ಹೆಚ್ಚಾಗಿದೆಯೆಂದು ತಿಳಿಯುವುದು ಹೇಗೆ? ಎತ್ತರವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ಕಿಲೋಗ್ರಾಂ ತೂಕವನ್ನು ಭಾಗಿಸಬೇಕು. 1.60 ಮೀಟರ್ ಎತ್ತರದ ವ್ಯಕ್ತಿ 64 ಕಿಲೋಗ್ರಾಂ ತೂಗಿದರೆ ಉತ್ತರ 25. ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ವಿದ್ವಾಂಸ ಕ್ವೆಟ್ಲೆ ಕಂಡುಕೊಂಡ ಈ ಲೆಕ್ಕವನ್ನೇ ಇಂದು ಬಿ.ಎಂ.ಐ. ಎನ್ನುತ್ತಾರೆ. ಲೋಕದಲ್ಲಿ ಸಾಮಾನ್ಯವಾಗಿ 25ನ್ನು ಅತಿತೂಕದ ಗಡಿಯೆಂದು ಹಿಡಿಯುತ್ತಾರೆ. ಆದರೆ ಏಷ್ಯದ ಜನರಿಗೆ 23ರಿಂದಲೇ ಎಚ್ಚರ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದರು. ನಮ್ಮವರಲ್ಲಿ ಮೈ ದಪ್ಪವಾಗಿ ಕಾಣದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಹೆಚ್ಚು. ಆದುದರಿಂದ ದರ್ಜಿಯ ಟೇಪೇ ಒಳ್ಳೆಯ ಅಳತೆಗೋಲು. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರನ್ನು ಮೀರಿದರೆ ಯೋಚಿಸಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ, ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಹೆಚ್ಚೆಂದು ಅಂದಾಜು ಮಾಡಿದೆ. ಹೊಟ್ಟೆಯ ಬೊಜ್ಜಿಗೂ ಈ ಕಾಯಿಲೆಗೂ ಇರುವ ನಂಟು ಹತ್ತಿರದ್ದು.

ಇಲ್ಲಿ ಒಂದು ಮಾತು. ವಯಸ್ಸಾದವರೆಲ್ಲರೂ ತೂಕ ಇಳಿಸಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ತೂಕ ಸಾಲದ ವೃದ್ಧರೂ ಇದ್ದಾರೆ. ಯಾವ ಪ್ರಯತ್ನವೂ ಇಲ್ಲದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ವೈದ್ಯರ ಬಳಿಗೆ ಹೋಗಬೇಕು. ಅದು ಬೇರೊಂದು ಕಾಯಿಲೆಯ ಸೂಚನೆಯಾಗಿರಬಹುದು.

ಹಾಗಾದರೆ ನಡುವಯಸ್ಸು ದಾಟಿದ ಮೇಲೆ ಮೈಭಾರ ಏರುವುದೇಕೆ? "ನಲವತ್ತಕ್ಕೆ ಮೈಯ ಕಾವು ತಗ್ಗುತ್ತದೆ, ಉಂಡದ್ದು ಕರಗುವುದಿಲ್ಲ" ಎಂಬುದು ಜನಜನಿತವಾದ ನಂಬಿಕೆ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಪರಿಶೀಲಿಸಿದರು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಇಪ್ಪತ್ತರಿಂದ ಅರವತ್ತರವರೆಗೆ ಈ ವ್ಯಯ ಬಹುಮಟ್ಟಿಗೆ ಒಂದೇ ಸಮನಾಗಿತ್ತು. ಅರವತ್ತರ ಅನಂತರ ವರ್ಷಕ್ಕೆ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಂತೆ ಇಳಿಯುತ್ತ ಹೋಗುತ್ತದೆ. ಎಂದ ಮೇಲೆ ನಡುವಯಸ್ಸಿನ ಬೊಜ್ಜಿಗೆ ಮೈಯ ಕಾವನ್ನು ದೂರಿ ಫಲವಿಲ್ಲ. ಬದಲಾದದ್ದು ಕೆಲಸ, ಅದರೊಡನೆ ಮೆಲ್ಲಮೆಲ್ಲನೆ ಕರಗಿದ್ದು ಸ್ನಾಯು.

ನನ್ನ ತಂದೆಯವರ ವಿಷಯವನ್ನೇ ಹೇಳುತ್ತೇನೆ. ಸುಮಾರು ಮೂವತ್ತು ವರ್ಷ ಅವರು ಗುದ್ದಲಿ ಹಿಡಿದು ದುಡಿದವರು. ಈಗ ಪಟ್ಟಣದಲ್ಲಿ ಒಂದು ಕಟ್ಟಡದ ರಾತ್ರಿ ಕಾವಲಿಗೆ ಇದ್ದಾರೆ. ರಾತ್ರಿ ಕುರ್ಚಿಯ ಮೇಲೆ, ಹಗಲು ಚಾಪೆಯ ಮೇಲೆ. ಊಟಕ್ಕೆ ಅಂದೂ ಎರಡು ಮುದ್ದೆ, ಇಂದೂ ಎರಡು ಮುದ್ದೆ. ಗುದ್ದಲಿ ಹೋಯಿತು, ಮುದ್ದೆ ಉಳಿಯಿತು. ಇದನ್ನು ಸೋಮಾರಿತನವೆನ್ನಬಹುದೆ? ಹೊಟ್ಟೆಬಾಕತನವೆನ್ನಬಹುದೆ? ಹಸಿವನ್ನು ಕಂಡುಂಡವರಿಗೆ ತುಂಬಿದ ತಟ್ಟೆಯೆಂದರೆ ಗೆದ್ದ ಬದುಕಿನ ಗುರುತು. "ಕಡಿಮೆ ಉಣ್ಣಿ" ಎಂಬ ಮಾತು ಅವರ ಕಿವಿಗೆ ಹಳೆಯ ಬಡತನವನ್ನೇ ಮತ್ತೆ ಕರೆದಂತೆ ಕೇಳಿಸುತ್ತದೆ. ಉಪದೇಶ ಮಾಡುವವರು ಈ ಸೂಕ್ಷ್ಮವನ್ನು ಅರಿಯದಿದ್ದರೆ ಅವರ ಮಾತು ಮನಸ್ಸನ್ನು ಮುಟ್ಟಲಾರದು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಮರ ಬಗ್ಗೀತೇ? ಅಮೆರಿಕದಲ್ಲಿ ನಡೆದು 2002ರಲ್ಲಿ ಫಲಿತಾಂಶ ಹೊರಬಂದ ಪ್ರಯೋಗವೊಂದು ಇದಕ್ಕೆ ಉತ್ತರ ಹೇಳುತ್ತದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ. ಒಂದು ಗುಂಪಿಗೆ ಹೆಸರಿಗೆ ಮಾತ್ರ ಮಾತ್ರೆ. ಮತ್ತೊಂದು ಗುಂಪಿನವರು ಊಟವನ್ನು ತಿದ್ದಿಕೊಂಡು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆದು, ತಮ್ಮ ತೂಕದ ನೂರರಲ್ಲಿ ಏಳು ಪಾಲನ್ನು ಇಳಿಸಬೇಕೆಂಬುದು ಗುರಿ. 64 ಕಿಲೋಗ್ರಾಂ ಇರುವವರಿಗೆ ಇದು ನಾಲ್ಕೂವರೆ ಕಿಲೋಗ್ರಾಂ ಮಾತ್ರ. ಸುಮಾರು ಮೂರು ವರ್ಷಗಳಲ್ಲಿ ಮಾತ್ರೆಯಿಂದ ಕಾಯಿಲೆ ಶೇಕಡ 31ರಷ್ಟು ತಗ್ಗಿದರೆ, ನಡಿಗೆ ಮತ್ತು ಊಟದ ನಿಯಮದಿಂದ ಶೇಕಡ 58ರಷ್ಟು ತಗ್ಗಿತು. ಅದಕ್ಕಿಂತಲೂ ಕುತೂಹಲದ ಸಂಗತಿ ವಯಸ್ಸಿನದು. ನಿಯಮ ಪಾಲಿಸಿದ ಗುಂಪಿನಲ್ಲಿ 45 ವರ್ಷದೊಳಗಿನವರಿಗೆ ಆದ ಪ್ರಯೋಜನ ಶೇಕಡ 48. 45ರಿಂದ 59ರವರಿಗೆ 59. ಅರವತ್ತು ದಾಟಿದವರಿಗೆ ಶೇಕಡ 71! ಗುರಿ ಮುಟ್ಟಿದವರಲ್ಲಿಯೂ ಹಿರಿಯರೇ ಮುಂದಿದ್ದರು. ಗಿಡಕ್ಕಿಂತ ಮರವೇ ಹೆಚ್ಚು ಬಗ್ಗಿತು.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗೆ ನೆರೆಯ ಚೆನ್ನೈ ನಗರದ ಉದಾಹರಣೆಯುಂಟು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯ ಮೇಲೆ ಮೂರು ವರ್ಷ ನಡೆಸಿದ ಪ್ರಯೋಗದ ಫಲ 2006ರಲ್ಲಿ ಪ್ರಕಟವಾಯಿತು. ಯಾವ ವಿಶೇಷ ಸಲಹೆಯೂ ಇಲ್ಲದವರಲ್ಲಿ ನೂರಕ್ಕೆ 55 ಮಂದಿ ಸಕ್ಕರೆ ಕಾಯಿಲೆಗೆ ತುತ್ತಾದರು. ಊಟ ಮತ್ತು ನಡಿಗೆಯ ನಿಯಮ ಪಾಲಿಸಿದವರಲ್ಲಿ 39 ಮಂದಿ. ವಿಶೇಷವೇನೆಂದರೆ, ಈ ಎರಡನೆಯ ಗುಂಪಿನವರ ತೂಕವೇನೂ ಗಮನಾರ್ಹವಾಗಿ ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಮೈಯೊಳಗೆ ಒಳ್ಳೆಯದು ನಡೆಯುತ್ತಿರುತ್ತದೆಂಬುದು ಇದರಿಂದ ತಿಳಿಯುತ್ತದೆ. ಮುಳ್ಳನ್ನೇ ನೋಡುತ್ತ ನಿರಾಶರಾಗುವವರು ನೆನಪಿಡಬೇಕಾದ ಮಾತಿದು.

ಆದರೆ ಇಳಿವಯಸ್ಸಿನಲ್ಲಿ ತೂಕ ಇಳಿಸುವ ರೀತಿ ಬೇರೆ. ಉಪವಾಸ ಮಾಡಿ ಇಳಿಸಿದ ತೂಕದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಹೋಗುತ್ತದೆ. ಸ್ನಾಯು ಹೋದರೆ ಕಾಲಿನ ಬಲ ಹೋಗುತ್ತದೆ. ಬಲ ಹೋದವರು ಬೀಳುತ್ತಾರೆ. ಬಿದ್ದರೆ ಮೂಳೆ ಮುರಿಯುತ್ತದೆ. 65 ದಾಟಿದ 107 ಮಂದಿ ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಊಟ ಮಾತ್ರ ತಗ್ಗಿಸಿದವರೂ, ಊಟ ತಗ್ಗಿಸಿ ವ್ಯಾಯಾಮವನ್ನೂ ಮಾಡಿದವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ತೂಕ ಇಳಿಸಿದರು. ಆದರೆ ನಡೆದಾಡುವ, ಎದ್ದು ಕೂರುವ ಸಾಮರ್ಥ್ಯ ಮೊದಲನೆಯವರಲ್ಲಿ ಶೇಕಡ 12ರಷ್ಟು, ಎರಡನೆಯವರಲ್ಲಿ ಶೇಕಡ 21ರಷ್ಟು ಹೆಚ್ಚಿತು. ವಯಸ್ಸಾದ ಸ್ನಾಯು ಮತ್ತೆ ಬಲಗೊಳ್ಳುವುದೇ ಎಂಬ ಸಂಶಯಕ್ಕೂ ಉತ್ತರವಿದೆ. ಬಾಸ್ಟನ್ನಿನ ವೃದ್ಧರ ಆಸ್ಪತ್ರೆಯೊಂದರಲ್ಲಿ ತೊಂಬತ್ತು ವರ್ಷದ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಮುಗಿಸಿದವರ ತೊಡೆಯ ಬಲ ಮೊದಲಿನ ಎರಡೂವರೆ ಪಟ್ಟಿಗೂ ಮೀರಿ ಬೆಳೆಯಿತೆಂದು 1990ರ ವರದಿ ಹೇಳುತ್ತದೆ.

ಇದಕ್ಕೆ ಹಣ ಕೊಟ್ಟು ಗರಡಿಗೆ ಹೋಗಬೇಕಾಗಿಲ್ಲ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಮೈಯನ್ನು ಹಿಂದೆ ಮುಂದೆ ಮಾಡುವುದು, ಕಂಬ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಇವಿಷ್ಟೇ ಆರಂಭಕ್ಕೆ ಸಾಕು. ಮಂಡಿನೋವು, ಎದೆನೋವು ಇರುವವರು ವೈದ್ಯರನ್ನು ಕೇಳಿ ತೊಡಗಬೇಕು.

ಊಟದಲ್ಲಿಯೂ ಬಿಡುವುದಕ್ಕಿಂತ ಬದಲಿಸುವುದು ಲೇಸು. ಎರಡು ಮುದ್ದೆ ಒಂದೂವರೆಯಾಗಲಿ. ಆ ಜಾಗಕ್ಕೆ ಸೊಪ್ಪಿನ ಪಲ್ಯ, ಮೊಳಕೆ ಕಟ್ಟಿದ ಹುರುಳಿ, ಹೆಸರುಕಾಳು ಬರಲಿ. ತಿನ್ನುವವರಿಗೆ ಮೊಟ್ಟೆ, ಮೀನು. ಉಳಿದವರಿಗೆ ಹಾಲು, ಮೊಸರು. ಸ್ನಾಯು ಉಳಿಯುವುದು ಇವುಗಳ ಸಸಾರಜನಕದಿಂದ. ಎಣ್ಣೆಯ ಒಂದು ಗ್ರಾಂ 9 ಕ್ಯಾಲೊರಿ, ಸಕ್ಕರೆಯ ಒಂದು ಗ್ರಾಂ 4 ಕ್ಯಾಲೊರಿ ಶಕ್ತಿ ಕೊಡುತ್ತದೆ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ ಸಕ್ಕರೆಯೆಂದರೆ ದಿನಕ್ಕೆ 30 ಗ್ರಾಂ. ವರ್ಷಕ್ಕೆ ಸುಮಾರು 11 ಕಿಲೋಗ್ರಾಂ! ಹಬ್ಬದ ದಿನದ ಒಂದು ಹೋಳಿಗೆಗೆ ಹೆದರುವವರು ಈ ದಿನನಿತ್ಯದ ಲೋಟವನ್ನು ಮರೆಯುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಕೂಡದು. ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು.

ಇಷ್ಟೆಲ್ಲ ತಿಳಿದೂ ಜನ ಹದಿನೈದು ದಿನಕ್ಕೆ ಕೈಬಿಡುವುದೇಕೆ? ಉತ್ಸಾಹವೆಂಬುದು ಹುಲ್ಲಿನ ಬೆಂಕಿ. ಹತ್ತುವುದೂ ಬೇಗ, ಆರುವುದೂ ಬೇಗ. ಕೊನೆಯವರೆಗೆ ಉಳಿಯುವುದು ಅಭ್ಯಾಸ. ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ತಾನಾಗಿ ನಡೆಯುವ ಅಭ್ಯಾಸವಾಗಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು. ಇನ್ನು ಕೆಲವರಿಗೆ 200 ದಿನವೂ ಸಾಲದು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡುವುದಿಲ್ಲವೆಂದೂ ಕಂಡುಬಂದಿತು. ಹೊಸ ಅಭ್ಯಾಸವನ್ನು ಹಳೆಯ ಅಭ್ಯಾಸದ ಬಾಲಕ್ಕೆ ಕಟ್ಟಬೇಕು. ಹಾಲು ತರಲು ಹೋಗುವವರು ಒಂದು ಬೀದಿ ಸುತ್ತಿ ಬರಲಿ; ದೇವಸ್ಥಾನಕ್ಕೆ ಹೋಗುವವರು ಎರಡು ಸುತ್ತು ಹೆಚ್ಚು ಹಾಕಲಿ. ಕೆಲವು ತಿಂಗಳ ಅನಂತರ ತೂಕ ಇಳಿಯುವುದು ನಿಂತಂತೆ ತೋರುವುದು ಸಹಜ; ಹಗುರವಾದ ಮೈಗೆ ಬೇಕಾಗುವ ಶಕ್ತಿಯೂ ಕಡಿಮೆ. ಆಗ ತಕ್ಕಡಿಯನ್ನು ಬದಿಗಿಟ್ಟು ಬೇರೆ ಅಳತೆ ಹಿಡಿಯಬೇಕು: ಮೆಟ್ಟಿಲು ಹತ್ತಿದಾಗ ಏದುಸಿರು ತಗ್ಗಿತೆ? ನೆಲದಿಂದ ಏಳುವುದು ಸುಲಭವಾಯಿತೆ?

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕೆಂಬ ಮಾತೂ ಅನೇಕರನ್ನು ಎದೆಗುಂದಿಸುತ್ತದೆ. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟವಾದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಸರಾಸರಿ 72 ವರ್ಷದ ಸುಮಾರು 16,700 ಅಮೆರಿಕನ್ ಮಹಿಳೆಯರ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಶೇಕಡ 41ರಷ್ಟು ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇದಕ್ಕೆ ಹೆಜ್ಜೆಯೊಂದೇ ಕಾರಣವೆನ್ನಲಾಗದಿದ್ದರೂ, ಸ್ವಲ್ಪವೂ ವ್ಯರ್ಥವಲ್ಲವೆಂದು ಧೈರ್ಯವಾಗಿ ಹೇಳಬಹುದು.

ನಮ್ಮ ತಾಯಂದಿರ ತೊಡಕು ಬೇರೆಯದು. "ಈ ವಯಸ್ನಲ್ಲಿ ನಂಗ್ಯಾಕ್ ಮಗಾ ವಾಕಿಂಗು? ಕಂಡೋರು ನಗಲ್ವಾ?" ಎಂದು ನನ್ನ ತಾಯಿ ಕೇಳುತ್ತಾರೆ. ಮನೆಗೆಲಸ ಬಿಟ್ಟು ತನಗಾಗಿ ಅರ್ಧ ಗಂಟೆ ತೆಗೆದುಕೊಳ್ಳುವುದೇ ತಪ್ಪೆಂಬ ಭಾವನೆ ಅವರಲ್ಲಿ ಬೇರೂರಿದೆ. ಎಲ್ಲರೂ ಉಂಡು ಉಳಿದದ್ದು ಹಾಳಾಗಬಾರದೆಂದು ತಾವೇ ಉಣ್ಣುವುದೂ ಉಂಟು. ಇದನ್ನು ಅವರೊಬ್ಬರ ಮನೋಬಲಕ್ಕೆ ಬಿಟ್ಟರೆ ನ್ಯಾಯವಾಗದು. ಮನೋಬಲ ಒಬ್ಬರ ಎದೆಯಲ್ಲಿ ಮಾತ್ರ ಹುಟ್ಟುವ ವಸ್ತುವಲ್ಲ. ಮನೆಯ ಅನುಕೂಲದಿಂದಲೂ ಜೊತೆಗಾರರಿಂದಲೂ ಅದು ಬೆಳೆಯುತ್ತದೆ. ನೆರೆಮನೆಯವರೊಬ್ಬರು ಜೊತೆಯಾದರೆ ಸಂಕೋಚ ಅರ್ಧ ಕಳೆಯುತ್ತದೆ. ಮಕ್ಕಳು ಪಾತ್ರೆ ತೊಳೆದಿಟ್ಟರೆ ಅರ್ಧ ಗಂಟೆಯೂ ಸಿಗುತ್ತದೆ.

ಆದುದರಿಂದ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಹಿರಿಯರಿಗೆ ಅಂಕಿಸಂಖ್ಯೆಗಳನ್ನು ಒಪ್ಪಿಸಿ ಗದರಿಸುವುದು ಬೇಡ. ನಮ್ಮನ್ನು ಓದಿಸಲು ಅವರು ಮೈಯನ್ನು ಸವೆಸಿದವರು. ಆ ಮೈಯ ಬಗ್ಗೆ ಮಾತನಾಡುವಾಗ ಗೌರವವಿರಲಿ. ಸಂಜೆ ಅವರೊಡನೆ ನಾವೂ ಎದ್ದು ಎರಡು ಬೀದಿ ನಡೆಯೋಣ. ಅವರ ಲೋಟದ ಸಕ್ಕರೆ ತಗ್ಗಿಸುವ ಮುನ್ನ ನಮ್ಮ ಲೋಟದ್ದನ್ನು ತಗ್ಗಿಸೋಣ. ಪದವಿಯ ಪತ್ರ ಕೈಗೆ ಬಂದ ದಿನ ಅದನ್ನು ನೋಡಿ ಹಿಗ್ಗಲು ಅವರು ಇರಬೇಕು, ಮುಂದೆಯೂ ಬಹುಕಾಲ ತಮ್ಮ ಕಾಲ ಮೇಲೆ ತಾವು ನಿಂತು ನಡೆಯಬೇಕು. ಅದಕ್ಕೆ ಇಂದಿನ ಸಂಜೆಯೇ ಸಕಾಲ.

— ಅಂತಿಮ ಬಿ.ಎ.